ಬಡವರಿಗೆ ವಕೀಲರಿದ್ದಾರೆ, ಎಂಜಿನಿಯರ್ ಎಲ್ಲಿ?

ನಿಮ್ಮೂರಿನ ಪಕ್ಕದಲ್ಲಿ ದೊಡ್ಡದೊಂದು ಯೋಜನೆ ಬರುತ್ತಿದೆ ಎಂದುಕೊಳ್ಳಿ. ಗಣಿಯೋ, ಅಣೆಕಟ್ಟೋ, ಕಲ್ಲಿದ್ದಲು ಸ್ಥಾವರವೋ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಇಂಥವುಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ಅದರ ಪ್ರಕಟಣೆ ಕನಿಷ್ಠ 30 ದಿನ ಮೊದಲೇ ಬರಬೇಕು. ಸಭೆ ನಡೆಯುತ್ತದೆ. ಶಾಮಿಯಾನ, ಕುರ್ಚಿ, ವಿಡಿಯೊ ಕ್ಯಾಮೆರಾ, ಜಿಲ್ಲಾಡಳಿತದ ಅಧಿಕಾರಿ. ಒಂದು ಕಡೆ ಕಂಪನಿಯ ಸಲಹೆಗಾರರು ನೂರಾರು ಪುಟಗಳ ಇಂಗ್ಲಿಷ್ ವರದಿ ಇಟ್ಟುಕೊಂಡು ಕೂತಿರುತ್ತಾರೆ. ಇನ್ನೊಂದು ಕಡೆ ನಿಮ್ಮಜ್ಜಿ ಕನ್ನಡ ಸಾರಾಂಶದ ಕೆಲವು ಹಾಳೆ ಹಿಡಿದು ನಿಂತಿರುತ್ತಾಳೆ. 'ನಮ್ಮ ಹಳ್ಳ ಹೋಗ್ತದೆ ಸ್ವಾಮಿ' ಅನ್ನುತ್ತಾಳೆ. 'ಮಾದರಿ ಪರೀಕ್ಷಿಸಿದ್ದೇವಮ್ಮ, ಎಲ್ಲ ಮಿತಿಯೊಳಗಿದೆ' ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಅಜ್ಜಿ ಹೇಳಿದ್ದು ನಿಜವೇ ಇರಬಹುದು. ಬಹಳಷ್ಟು ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದೇ ಋತುವಿನ ಅಳತೆ ಸಾಕು ಎನ್ನುತ್ತದೆ ನಿಯಮ. ಬೇಸಿಗೆಯಲ್ಲಿ ಬಂದು ಅಳೆದವರಿಗೆ ಶ್ರಾವಣದ ಹಳ್ಳ ಎಲ್ಲಿ ಕಾಣಬೇಕು? ಈ ಒಂದು ಪ್ರಶ್ನೆಯನ್ನು ಸರಿಯಾದ ಪುಟಸಂಖ್ಯೆಯ ಸಮೇತ ಎತ್ತುವವರು ಅಲ್ಲಿ ಒಬ್ಬರಿದ್ದರೂ ಅದು ನಡಾವಳಿಯಲ್ಲಿ ದಾಖಲಾಗುತ್ತದೆ. ದಾಖಲಾದದ್ದಕ್ಕೆ ಯೋಜನೆಯವರು ಲಿಖಿತ ಉತ್ತರ ಕೊಡಬೇಕಾಗುತ್ತದೆ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ವಕೀಲರ ನೆರವು ಉಚಿತ. ಒಳ್ಳೆಯ ಕಾಯ್ದೆ. ಆದರೆ ವಕೀಲರು ವಾದಿಸಲು ಅಂಕಿ ಬೇಕು, ನಕ್ಷೆ ಬೇಕು, ನೀರಿನ ಪರೀಕ್ಷೆಯ ಫಲಿತಾಂಶ ಬೇಕು. ಅವನ್ನು ಒದಗಿಸುವ ಎಂಜಿನಿಯರ್‌ನನ್ನೋ ಜಲತಜ್ಞೆಯನ್ನೋ ಬಡವರಿಗೆ ಉಚಿತವಾಗಿ ಕೊಡುವ ಕಾಯ್ದೆ ನಮ್ಮಲ್ಲಿಲ್ಲ. ಅಮೆರಿಕದಲ್ಲಿ ಸರ್ಕಾರವೇ ಈ ಕೆಲಸಕ್ಕೆ ಕೈಹಾಕಿತ್ತು. ಪರಿಸರ ನ್ಯಾಯಕ್ಕಾಗಿ ಹೋರಾಡುವ ಸಮುದಾಯಗಳಿಗೆಂದು 2023ರಲ್ಲಿ 17 ತಾಂತ್ರಿಕ ನೆರವು ಕೇಂದ್ರಗಳನ್ನು ಘೋಷಿಸಿತು. 2025ರಲ್ಲಿ ಆಡಳಿತ ಬದಲಾದ ಮೇಲೆ ಅನುದಾನಕ್ಕೆ ಕತ್ತರಿ ಬಿತ್ತು. ಹಾಗಾಗಿ ಸರ್ಕಾರದ ದಾರಿ ಕಾಯುತ್ತ ಕೂರಬೇಡಿ. ಕಾಲೇಜು, ಐಟಿಐಗಳಲ್ಲಿ ಓದುತ್ತಿರುವ, ಓದಿದ ನಿಮ್ಮನ್ನೇ ನಾನು ಈ ನೆರವು ಕೇಳುತ್ತಿದ್ದೇನೆ.

ಇದು ಆಗುವ ಮಾತೇ ಎನ್ನುವವರು ಶಿರಸಿಗೆ ಹೋಗಿ ಕೇಳಿ. ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟು ಬರುವುದಿತ್ತು. ಅಡಿಕೆ ತೋಟಗಳೂ ಕಾಡೂ ಮುಳುಗುವುದಿತ್ತು. ಆಗ ತೋಟಿಗರು ಧರಣಿ, ಮನವಿಗಳಷ್ಟಕ್ಕೇ ನಿಲ್ಲಲಿಲ್ಲ. ಅಡಿಕೆ ಮಾರಲೆಂದು ಕಟ್ಟಿಕೊಂಡಿದ್ದ ತೋಟಗಾರ್ಸ್ ಸಹಕಾರಿ ಸಂಘ ವಿಜ್ಞಾನಿಗಳನ್ನು ಕರೆಸಿ ಯೋಜನೆಯ ಲಾಭ ನಷ್ಟದ ಲೆಕ್ಕ ಹಾಕಿಸಿತು. 1981ರಲ್ಲಿ ಶಿರಸಿಯಲ್ಲೇ ವಿಚಾರ ಸಂಕಿರಣ ನಡೆಯಿತು. ಮಾಧವ ಗಾಡ್ಗೀಳರಂಥ ವಿಜ್ಞಾನಿಗಳು ತೋಟಿಗರ ಜೊತೆ ಕೂತರು. ಮುಳುಗುವ ತೋಟದ ಬೆಲೆ, ಕಾಡಿನ ಬೆಲೆ ಎಷ್ಟು, ಅವನ್ನು ಯೋಜನೆಯ ಖರ್ಚಿನಲ್ಲಿ ಸೇರಿಸಿದ್ದಾರೆಯೇ ಎಂಬ ಪ್ರಶ್ನೆಗಳು ಎದ್ದವು. ಆ ಯೋಜನೆ ಅಲ್ಲಿಗೆ ನಿಂತಿತು. ತೋಟಿಗರಿಗೆ ಓದು ಇತ್ತು, ಸಂಘವಿತ್ತು, ಸಂಘದಲ್ಲಿ ಹಣವಿತ್ತು ಎಂಬುದನ್ನೂ ಹೇಳಬೇಕು. ಇವು ಮೂರೂ ಇಲ್ಲದ ಊರುಗಳೇ ನಾಡಿನಲ್ಲಿ ಹೆಚ್ಚು. ನೀವು ಬೇಕಾಗಿರುವುದು ಅಲ್ಲಿ.

ಪಾವಗಡವನ್ನು ನೋಡಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್. ಬರದ ಸೀಮೆ, ಮಳೆ ನಂಬಿ ಶೇಂಗಾ ಬಿತ್ತುತ್ತಿದ್ದ ನೆಲ. ಜಮೀನು ಮಾರಬೇಕಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಹಣ ಎಂದಾಗ ಅನೇಕ ರೈತರು ಒಪ್ಪಿದರು. ಒಪ್ಪಿದ್ದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಆದರೆ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ ಎಂಬ ಷರತ್ತನ್ನು ಒಬ್ಬ ಬಿ.ಕಾಂ. ವಿದ್ಯಾರ್ಥಿನಿ ಕೂತು ಬಿಡಿಸಿದರೆ ಏನಾಗುತ್ತದೆ? ಇಪ್ಪತ್ತು ವರ್ಷಕ್ಕೆ ಗುತ್ತಿಗೆ ಸುಮಾರು 34,200 ಆಗುತ್ತದೆ. ಪೇಟೆಯ ಬೆಲೆ ವರ್ಷಕ್ಕೆ ಶೇ 5ರಂತೆ ಏರಿತು ಎಂದುಕೊಂಡರೆ, ಸಹಿ ಹಾಕಿದ ದಿನದ 21,000ದ ಸಾಮಾನು ತರಲು ಆಗ ಸುಮಾರು 55,700 ಬೇಕು. ಸಹಿ ಹಾಕುವ ಮುನ್ನ ಹಾಕಬೇಕಾದ ಲೆಕ್ಕ ಇದು, ಮೊಬೈಲಿನಲ್ಲೇ ಮುಗಿಯುವಂಥದ್ದು. ಇನ್ನು ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ ಗುತ್ತಿಗೆಯ ಒಂದು ರೂಪಾಯಿಯೂ ಇಲ್ಲ. ಸೌರ ಫಲಕಗಳ ಯೋಜನೆಗಳು ಪರಿಸರ ಪರಿಣಾಮ ಅಧಿಸೂಚನೆಯ ಹೊರಗಿರುವುದರಿಂದ ಅವರು ಎದ್ದು ನಿಂತು ಕೇಳಲು ಆ ಶಾಮಿಯಾನವೂ ಇರಲಿಲ್ಲ. ಕಳೆದುಹೋದ ಕೂಲಿ ದಿನಗಳ ಲೆಕ್ಕವನ್ನು ಮನೆಮನೆಗೆ ಹೋಗಿ ಬರೆದುಕೊಳ್ಳುವ ಕೆಲಸ ಯಾರದು? ಸಮಾಜಶಾಸ್ತ್ರ ಓದುತ್ತಿರುವವರೇ, ನಿಮ್ಮದು.

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವವರಿದ್ದಾರೆಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಆ ದುಡ್ಡಿನಲ್ಲಿ ಬಸ್ಸು ಹತ್ತಿ ಒಂದು ಊರಿಗೆ ಹೋಗಿ. ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ವರ್ಷಕ್ಕೆ 120 ಗಂಟೆ ಸೇವೆ ಇದೆಯಲ್ಲ, ಅಷ್ಟರಲ್ಲಿ ಒಂದು ಊರಿನ ಬಾವಿಗಳ ನಕ್ಷೆ ಮಾಡಬಹುದು. ಐಟಿಐ ಓದಿದವರು ಊರಿನ ಟ್ರಾನ್ಸ್‌ಫಾರ್ಮರ್‌ಗಳ ವೋಲ್ಟೇಜನ್ನು ಹೊತ್ತುಹೊತ್ತಿಗೂ ಅಳೆದು ಪಟ್ಟಿ ಮಾಡಬಹುದು. ಇಂಗ್ಲಿಷ್ ಬಲ್ಲವರು ವರದಿಯ ಮುಖ್ಯ ಭಾಗಗಳನ್ನು ಅಜ್ಜಿಗೆ ಅರ್ಥವಾಗುವ ಕನ್ನಡಕ್ಕೆ ತರಬಹುದು. ಇದನ್ನು ಸಣ್ಣ ಕೆಲಸ ಎಂದುಕೊಂಡವರು ಒಂದು ಪುಟ ಮಾಡಿ ನೋಡಲಿ.

ಎರಡು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕೆಲಸ ಕರಾರುವಾಕ್ಕಾಗಿರಲಿ. ನೀರು ತುಂಬಿದ ಬಾಟಲಿಯ ಮೇಲೆ ಜಾಗ, ದಿನ, ಹೊತ್ತು, ತುಂಬಿದವರ ಹೆಸರು ಇರಲಿ. ಪರೀಕ್ಷೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲೇ ಆಗಲಿ. ಸಿಟ್ಟಿನಿಂದ ಹಿಗ್ಗಿಸಿದ ಒಂದು ಅಂಕಿ ಸಿಕ್ಕಿಬಿದ್ದರೆ ಊರಿನ ನಿಜವಾದ ಹತ್ತು ಅಂಕಿಗಳಿಗೂ ಬೆಲೆ ಹೋಗುತ್ತದೆ. ಮತ್ತೆ, ಯೋಜನೆ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಊರಿನವರು. ನಿಮ್ಮ ಲೆಕ್ಕ ಅವರ ಆಸೆಗೆ ವಿರುದ್ಧ ಬಂದರೆ ಅದನ್ನೂ ಮುಚ್ಚಿಡದೆ ಹೇಳಿ. ಸಭೆಯಲ್ಲಿ ಮೈಕು ಅವರ ಕೈಯಲ್ಲೇ ಇರಲಿ.

ಶುರು ಮಾಡಲು ಯಾರ ಅಪ್ಪಣೆಯೂ ಬೇಡ. ಕೇಂದ್ರ ಪರಿಸರ ಸಚಿವಾಲಯದ 'ಪರಿವೇಶ್' ತಾಣದಲ್ಲಿ ನಿಮ್ಮ ಜಿಲ್ಲೆಯ ಯೋಜನೆಗಳನ್ನು ಹುಡುಕಿ. ಅಲ್ಲಿ ಸಿಗದ ಕಾಗದವನ್ನು ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ ಕೇಳಿ. ವರದಿ ಕೈಗೆ ಬಂದೊಡನೆ ಸಾಮಾನ್ಯವಾಗಿ ಮೂರನೆಯ ಅಧ್ಯಾಯದಲ್ಲಿ ಬರುವ ಈಗಿನ ಪರಿಸರದ ವಿವರಣೆಯನ್ನು ತೆರೆಯಿರಿ. ಅದರಲ್ಲಿ ಬರೆದಿರುವ ಹಳ್ಳ, ಕೆರೆ, ಬಾವಿ, ಗೋಮಾಳಗಳ ಪಟ್ಟಿ ಮಾಡಿಕೊಂಡು ಈ ಭಾನುವಾರವೇ ಊರಿಗೆ ಹೋಗಿ. ದನ ಮೇಯಿಸುವವರನ್ನು ಜೊತೆಗೆ ಕರೆದುಕೊಂಡು ನಡೆದು, ಪಟ್ಟಿಯಲ್ಲಿ ಬಿಟ್ಟುಹೋದದ್ದನ್ನೆಲ್ಲ ಗುರುತು ಹಾಕಿಕೊಳ್ಳಿ.