ಮುಂದೆ ನಿಂತವನ ಹೊಣೆ
(ಹಿರೇಕೊಟ್ನೆಕಲ್ ಮಸೀದಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

 



ಸುಗ್ಗಿ ಮುಗಿದರೆ ನಮ್ಮ ಮಾನ್ವಿ, ದೇವದುರ್ಗ ಕಡೆಯಿಂದ ಗುಳೆ ಹೋಗುವುದು ಹೊಸದಲ್ಲ. ಹತ್ತು ಹದಿನೈದು ಜನ ಗುಂಪು ಕಟ್ಟಿಕೊಂಡು ಬೆಂಗಳೂರಿಗೋ ಹೈದರಾಬಾದಿಗೋ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮುಂದೆ ಒಬ್ಬ ಮೇಸ್ತ್ರಿ ಇರುತ್ತಾನೆ. ಮುಂಗಡ ತರುವವನು ಅವನು, ಬಸ್ಸು ಹತ್ತಿಸುವವನು ಅವನು, ಶೆಡ್ಡು ಹುಡುಕುವವನು, ಹಾಜರಿ ಬರೆಯುವವನೂ ಅವನೇ. ಇನ್ನೊಂದು ಕಡೆ ಡಿಪ್ಲೊಮಾ, ಬಿ.ಇ. ಓದಿದ ಮಕ್ಕಳು ಬಂದು, "ಹಜರತ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ಕೆಲಸ ಸಿಗಲಿ ಅಂತ ದುಆ ಮಾಡಿ" ಎನ್ನುತ್ತಾರೆ. ಅವರು ಕೇಳುವ ಕೆಲಸವೂ ಮೇಸ್ತ್ರಿ ಮಾಡುವ ಕೆಲಸವೂ ಬೇರೆ ಬೇರೆ ಅಲ್ಲ. ಒಬ್ಬನ ಮುಂದೆ ಲ್ಯಾಪ್‌ಟಾಪ್ ಇರುತ್ತದೆ, ಇನ್ನೊಬ್ಬನ ಜೇಬಿನಲ್ಲಿ ಸಣ್ಣ ನೋಟ್‌ಬುಕ್ ಇರುತ್ತದೆ. ಇಬ್ಬರ ಕೈಯಲ್ಲೂ ಇರುವುದು ಬೇರೆಯವರ ದುಡಿಮೆ, ಬೇರೆಯವರ ಹಣ, ಬೇರೆಯವರ ಜೀವ. ಅದನ್ನು ನಾವು ಅಮಾನತ್ ಎನ್ನುತ್ತೇವೆ.

ಇತ್ತೀಚೆಗೆ ಒಬ್ಬ ತಂದೆ ನನ್ನ ಬಳಿ ಬಂದಿದ್ದರು. ಮಗ ಎಂಟು ತಿಂಗಳು ಸೆಂಟ್ರಿಂಗ್ ಕೆಲಸ ಮಾಡಿ ವಾಪಸ್ ಬಂದಿದ್ದ, ಬಸ್ ಚಾರ್ಜಿಗೂ ಸಾಲ ಮಾಡಿ. ಗುತ್ತಿಗೆದಾರನನ್ನು ಕೇಳಿದರೆ ಮೇಸ್ತ್ರಿಗೆ ಕೊಟ್ಟಾಗಿದೆ ಎನ್ನುತ್ತಾನೆ. ಮೇಸ್ತ್ರಿಯನ್ನು ಕೇಳಿದರೆ ಮುಂಗಡಕ್ಕೇ ಹೊಂದಿಕೆಯಾಗಿದೆ ಎನ್ನುತ್ತಾನೆ. ಎಷ್ಟು ದಿನ ಹಾಜರಿ, ಎಷ್ಟು ಮುಂಗಡ, ದಿನಕ್ಕೆ ಎಷ್ಟು ಕೂಲಿ, ಒಂದಕ್ಕೂ ಚೀಟಿ ಇಲ್ಲ. ಮೂವರೂ ಅಲ್ಲಾಹನ ಮೇಲೆ ಆಣೆ ಇಡಲು ಸಿದ್ಧರಿದ್ದಾರೆ! ಆ ಹಣದಲ್ಲಿ ಮಗಳ ಮದುವೆ ಮಾಡಬೇಕೆಂದುಕೊಂಡಿದ್ದ ತಂದೆಗೆ ನಾನು ಏನು ಹೇಳಲಿ? ಕೂಲಿಕಾರನ ಬೆವರು ಆರುವ ಮೊದಲು ಅವನ ಕೂಲಿ ಕೊಡಬೇಕು ಎಂಬ ಪ್ರವಾದಿ ಬೋಧನೆ ನಮಗೆಲ್ಲ ಬಾಯಿಪಾಠ. ಆದರೆ ಬೆವರು ಎಷ್ಟು ದಿನ ಸುರಿಯಿತು ಎಂದು ಬರೆದಿಡದೆ ಆ ಬೋಧನೆಯನ್ನು ಪಾಲಿಸುವುದಾದರೂ ಹೇಗೆ?

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದೆಂದು ಮಕ್ತಬಿನ ಮಕ್ಕಳನ್ನು ಕೇಳಿ, ಹೇಳುತ್ತಾರೆ: ಅಲ್‌ಬಕರಃ ಅಧ್ಯಾಯದ 282ನೆಯದು. ಅದರ ವಿಷಯ ನಮಾಝ್ ಅಲ್ಲ, ಉಪವಾಸವೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡುವುದು. ಅವಧಿ ಬರೆಯಿರಿ, ಬರೆಯುವವನು ನ್ಯಾಯವಾಗಿ ಬರೆಯಲಿ, ಸಾಕ್ಷಿಗಳಿರಲಿ, ಮೊತ್ತ ಸಣ್ಣದಾಗಲಿ ದೊಡ್ಡದಾಗಲಿ ಬರೆಯಲು ಬೇಸರಿಸಬೇಡಿ ಎಂಬುದು ಅದರ ತಾತ್ಪರ್ಯ. ನಮ್ಮಲ್ಲಿ ಬರೆದುಕೊಡು ಅಂದರೆ, "ನನ್ನ ಮೇಲೆ ನಂಬಿಕೆ ಇಲ್ಲವೇನು?" ಎಂದು ಮುಖ ಸಿಂಡರಿಸುತ್ತಾರೆ. ಅಲ್ಲಾಹನು ಸತ್ಯವಿಶ್ವಾಸಿಗಳನ್ನೇ ಕರೆದು ಬರೆಯಿರಿ ಎಂದಿದ್ದಾನೆ. ನಂಬಿಕೆ ಇಲ್ಲದವರಿಗೆ ಮಾತ್ರ ಅಂದಿಲ್ಲ.

ಇನ್ನು ನಾಯಕತ್ವದ ಮಾತು. ಇದಕ್ಕಾಗಿ ದೊಡ್ಡ ಪುಸ್ತಕ ತೆರೆಯಬೇಕಿಲ್ಲ, ನೀವು ಈಗ ನಿಲ್ಲಲಿರುವ ಸಫ್ ನೋಡಿ. ಮುಂದೆ ಒಬ್ಬನೇ ಇಮಾಮ್. ಅವನು ರುಕೂಗೆ ಬಾಗುವ ಮೊದಲು ಯಾರೂ ಬಾಗುವಂತಿಲ್ಲ. ಆದರೆ ಇಮಾಮ್ ತಪ್ಪಿದರೆ? ಹಿಂದೆ ನಿಂತವನು 'ಸುಬ್‌ಹಾನಲ್ಲಾಹ್' ಎನ್ನಬೇಕು, ಇಮಾಮ್ ತಿದ್ದಿಕೊಳ್ಳಬೇಕು. ಒಮ್ಮೆ ಪ್ರವಾದಿ(ಸ)ರು ನಾಲ್ಕು ರಕಅತ್‌ನ ನಮಾಝನ್ನು ಎರಡಕ್ಕೇ ಮುಗಿಸಿ ಸಲಾಮ್ ಹೇಳಿದರು. ಜಮಾಅತಿನಲ್ಲಿ ಅಬೂಬಕರ್(ರ), ಉಮರ್(ರ) ಇದ್ದರು. ಗೌರವದ ಭಯದಿಂದ ಅವರಿಗೂ ಮಾತು ಹೊರಡಲಿಲ್ಲ. ದುಲ್‌ಯದೈನ್ ಎಂದು ಕರೆಯಲ್ಪಡುತ್ತಿದ್ದ ಒಬ್ಬರು ಎದ್ದು, ನಮಾಝ್ ಕಡಿಮೆಯಾಯಿತೇ, ಅಥವಾ ತಾವು ಮರೆತಿರೇ ಎಂದು ಕೇಳಿದರು. ಪ್ರವಾದಿ(ಸ)ರು ಸಿಟ್ಟಾಗಲಿಲ್ಲ. ಉಳಿದವರನ್ನು ವಿಚಾರಿಸಿ, ಹೌದೆಂದು ತಿಳಿದ ಮೇಲೆ ಉಳಿದ ರಕಅತ್‌ಗಳನ್ನು ಪೂರ್ತಿ ಮಾಡಿ, ಮರೆವಿನ ಸಜ್ದಾ ಮಾಡಿದರು.

ಕ್ರೇನ್ ಕೆಲಸ ಮಾಡಿದವರು ನಿಮ್ಮಲ್ಲಿ ಇದ್ದೀರಿ. ಭಾರ ಎತ್ತುವಾಗ ಸನ್ನೆ ಮಾಡುವವನು ಒಬ್ಬನೇ, ಅವನ ಕೈ ನೋಡಿಯೇ ಆಪರೇಟರ್ ಚಲಿಸಬೇಕು. ಆದರೆ 'ನಿಲ್ಲಿಸು' ಎಂಬ ಸನ್ನೆಯನ್ನು ಸೈಟಿನಲ್ಲಿರುವ ಯಾರು ಬೇಕಾದರೂ ಕೊಡಬಹುದು, ಸಿಮೆಂಟು ಹೊರುವ ಹುಡುಗ ಕೊಟ್ಟರೂ ಕ್ರೇನ್ ನಿಲ್ಲಲೇಬೇಕು. ಲೋಕದ ತುಂಬ ಒಪ್ಪಿಕೊಂಡ ಪದ್ಧತಿ ಇದು. ಹಲಗೆ ಸಡಿಲವಾಗಿದೆ ಎಂದು ಕಂಡೂ ಮೇಸ್ತ್ರಿ ಬೈಯುತ್ತಾನೆಂದು ಸುಮ್ಮನಿರುವ ಗುಂಪಿನಲ್ಲಿ ಒಂದು ದಿನ ಯಾರೋ ಬೀಳುತ್ತಾರೆ. ಅಲ್ಲಿ ತಪ್ಪು ಹುಡುಗನದಲ್ಲ. ಅವನ ಬಾಯಿ ಮುಚ್ಚಿಸಿದವನದು.

ಮುಆದ್(ರ)ರ ಘಟನೆಯೂ ನೆನಪಿರಲಿ. ಅವರು ದೀರ್ಘವಾಗಿ ಓದುತ್ತಿದ್ದರು. ದಿನವಿಡೀ ದುಡಿದು ಬಂದ ಒಬ್ಬರು ತಾಳಲಾರದೆ ಜಮಾಅತ್ ಬಿಟ್ಟು ಹೋದರು. ದೂರು ಬಂದಾಗ ಪ್ರವಾದಿ(ಸ)ರು ಗದರಿದ್ದು ಬಿಟ್ಟು ಹೋದವನನ್ನಲ್ಲ, ಮುಆದ್‌ರನ್ನು. ಹಿಂದೆ ವೃದ್ಧರಿದ್ದಾರೆ, ದುರ್ಬಲರಿದ್ದಾರೆ, ಕೆಲಸವಿರುವವರಿದ್ದಾರೆ. ಅಂದರೆ ವೇಗ ನಿರ್ಧಾರವಾಗುವುದು ಮುಂದೆ ನಿಂತವನ ಶಕ್ತಿಯಿಂದ ಅಲ್ಲ. ನಮ್ಮ ಭತ್ತದ ನಾಟಿಗೆ ಹೋಗುವ ಹೆಣ್ಣುಮಕ್ಕಳ ಗುಂಪಿನಲ್ಲಿ ಹಿರಿಯಳಾದವಳು ಇದನ್ನು ಯಾವ ತರಬೇತಿಯೂ ಇಲ್ಲದೆ ಮಾಡುತ್ತಾಳೆ. ಬಸುರಿಯೋ ಬಾಣಂತಿಯೋ ಹಿಂದುಳಿದರೆ ಪಕ್ಕದವಳು ಅವಳ ಸಾಲಿನಲ್ಲಿ ಎರಡು ಸಸಿ ಊರುತ್ತಾಳೆ.

ನಮಾಝಿನ ನಡುವೆ ಇಮಾಮರ ವುಝೂ ಮುರಿದರೆ ಹಿಂದಿನವರಲ್ಲಿ ಒಬ್ಬರನ್ನು ಮುಂದೆ ನಿಲ್ಲಿಸಿ ಹೋಗುವ ಕ್ರಮವನ್ನೂ ಫಿಕ್‌ಹ್ ವಿವರಿಸುತ್ತದೆ. ಬಂದವರು ಮೊದಲಿನಿಂದ ಶುರು ಮಾಡುವುದಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲೋ ಹಟ್ಟಿ ಚಿನ್ನದ ಗಣಿಯಲ್ಲೋ ಪಾಳಿ ಬದಲಾಗುವಾಗ ಆಗುವುದೂ ಇದೇ. ನಮ್ಮ ಕಮಿಟಿಗಳಲ್ಲಿ ಮಾತ್ರ ಲೆಕ್ಕದ ಪುಸ್ತಕ ಒಬ್ಬರ ಮನೆಯ ಪೆಟ್ಟಿಗೆಯಲ್ಲಿರುತ್ತದೆ, ಅವರು ಊರಿಗೆ ಹೋದರೆ ನಲ್ಲಿ ರಿಪೇರಿಯೂ ನಿಲ್ಲುತ್ತದೆ.

2024ರ ಆಗಸ್ಟ್ 10ರ ರಾತ್ರಿ ನಮಗೆಲ್ಲ ನಿದ್ದೆ ಬಂದಿರಲಿಲ್ಲ. ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದರು. ಎಡದಂಡೆ ಕಾಲುವೆಯ ಕೊನೆಯಲ್ಲಿರುವ ನಮ್ಮ ತಾಲ್ಲೂಕಿನವರಿಗೆ ಆ ನೀರು ಹರಿದು ಹೋಗುವುದೆಂದರೆ ಏನೆಂದು ಹೇಳಬೇಕಿಲ್ಲ. ನಿವೃತ್ತರಾಗಿದ್ದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. 60 ಅಡಿ ಅಗಲ, 20 ಅಡಿ ಎತ್ತರದ ಬಾಯಿಯನ್ನು ಒಂದೇ ತಗಡಿನಿಂದ ಮುಚ್ಚಲಾಗದು. ತಲಾ 4 ಅಡಿ ಎತ್ತರದ ಐದು ತುಂಡುಗಳಾಗಿ ಮಾಡಿ, ಒಂದರ ಮೇಲೊಂದು ಇಳಿಸುವ ಯೋಜನೆ. ತುಂಡುಗಳನ್ನು ಹೊಸಪೇಟೆ, ತೋರಣಗಲ್ಲು ಕಡೆ ಸಿದ್ಧಪಡಿಸಿದರು. ಆಗಸ್ಟ್ 16ರಂದು ಮೊದಲನೆಯದನ್ನು ಹರಿಯುವ ನೀರಿನಲ್ಲೇ ಇಳಿಸಿದರು, ಮರುದಿನ ಉಳಿದವೂ ಕೂತವು. ಎಂಜಿನಿಯರ್, ವೆಲ್ಡರ್, ಕ್ರೇನ್ ಆಪರೇಟರ್, ಕೂಲಿ ಎಲ್ಲರೂ ಅಲ್ಲಿದ್ದರು. ಅವರಲ್ಲಿ ಯಾರ ಜಾತಿ ಧರ್ಮವನ್ನೂ ನೀರು ಕೇಳಲಿಲ್ಲ. ದೊಡ್ಡ ಕೆಲಸವನ್ನು ಒಬ್ಬೊಬ್ಬರ ಕೈಗೆ ಹಿಡಿಸುವ ತುಂಡುಗಳಾಗಿ ಒಡೆಯುವುದು, ಯಾವುದು ಮೊದಲು ಯಾವುದು ನಂತರ ಎಂದು ನಿಶ್ಚಯಿಸುವುದು, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಮುಕ್ಕಾಲು ಪಾಲು ಇದೇ.

ಹಿಜರಿ 5ರಲ್ಲಿ ಮದೀನಾದ ಉತ್ತರ ದಿಕ್ಕಿನಲ್ಲಿ ಕಂದಕ ತೋಡಿದ್ದೂ ಹೀಗೆಯೇ. ಸಲಹೆ ಕೊಟ್ಟವರು ಪರ್ಷಿಯಾದಿಂದ ಬಂದಿದ್ದ ಸಲ್ಮಾನ್(ರ). ಹತ್ತು ಹತ್ತು ಜನರಿಗೆ 40 ಮೊಳ ಅಳೆದು ಹಂಚಿದರೆಂದು ಚರಿತ್ರೆಕಾರರು ಹೇಳುತ್ತಾರೆ. ಒಡೆಯಲಾಗದ ಬಂಡೆ ಅಡ್ಡ ಬಂದಾಗ ಸಹಾಬಿಗಳು ಮುಚ್ಚಿಡಲಿಲ್ಲ, ನೇರ ಪ್ರವಾದಿ(ಸ)ರಿಗೇ ಹೋಗಿ ಹೇಳಿದರು. ಹಸಿವಿನಿಂದ ಹೊಟ್ಟೆಗೆ ಕಲ್ಲು ಕಟ್ಟಿದ್ದ ಪ್ರವಾದಿ(ಸ)ರು ತಾವೇ ಕಂದಕಕ್ಕಿಳಿದು ಗುದ್ದಲಿ ಹಿಡಿದರು. ಕೆಟ್ಟ ಸುದ್ದಿ ಬೇಗ ಮೇಲೆ ತಲುಪುವುದು ಅದನ್ನು ಕೇಳಿದವನು ಹೇಗೆ ನಡೆದುಕೊಳ್ಳುತ್ತಾನೆ ಎಂಬುದರ ಮೇಲೆ ನಿಂತಿದೆ.

ಓದಿದ ಯುವಕರಿಗೆ ಎರಡು ಮಾತು. ಮೊದಲ ದಿನವೇ ಮ್ಯಾನೇಜರ್ ಕುರ್ಚಿ ಯಾರಿಗೂ ಸಿಗುವುದಿಲ್ಲ. ಸೈಟ್ ಸೂಪರ್‌ವೈಸರ್, ಸೈಟ್ ಎಂಜಿನಿಯರ್, ಆಮೇಲೆ ಪ್ಲಾನಿಂಗ್ ಎಂಜಿನಿಯರ್, ದಾರಿ ಹೀಗಿದೆ. ಎಕ್ಸೆಲ್ ಚೆನ್ನಾಗಿ ಬರಲಿ, ಎಂಎಸ್ ಪ್ರಾಜೆಕ್ಟ್ ಅಥವಾ ಪ್ರೈಮವೆರಾ ಕಲಿಯಿರಿ. ಅಲ್ಲಿ 'ಕ್ರಿಟಿಕಲ್ ಪಾತ್' ಎಂಬ ಮಾತು ಬರುತ್ತದೆ. ರೈತರ ಮಕ್ಕಳಿಗೆ ಅದು ಗೊತ್ತಿರುವುದೇ. ಸಸಿ ಮಡಿ ಹಾಕುವುದು ತಡವಾದರೆ ನಾಟಿಯೇ ತಡ. ಬದು ಕಟ್ಟುವುದು ಎರಡು ದಿನ ಹಿಂದೆ ಮುಂದೆ ಆದರೂ ನಡೆಯುತ್ತದೆ. ಯಾವ ಕೆಲಸ ತಡವಾದರೆ ಎಲ್ಲವೂ ತಡವಾಗುತ್ತದೋ ಅದೇ ಆ ದಾರಿ. ಪಿಎಂಪಿ ಎಂಬ ಪ್ರಮಾಣಪತ್ರದ ಪರೀಕ್ಷೆಗೆ ನಾಲ್ಕು ವರ್ಷದ ಪದವಿ ಇದ್ದವರಿಗೂ ಮೂರು ವರ್ಷ ಯೋಜನೆಗಳನ್ನು ನಡೆಸಿದ ಅನುಭವ, 35 ಗಂಟೆಗಳ ತರಬೇತಿ ಬೇಕು. ಅನುಭವವಿಲ್ಲದವರಿಗೆ ಸಿಎಪಿಎಂ ಎಂಬ ಇನ್ನೊಂದಿದೆ, ಅದಕ್ಕೆ 23 ಗಂಟೆಗಳ ತರಬೇತಿ ಸಾಕು. ಆದ್ದರಿಂದ ಈಗಷ್ಟೇ ಕಾಲೇಜು ಮುಗಿಸಿದವರಿಗೆ ಒಂದೇ ತಿಂಗಳಲ್ಲಿ ಪಿಎಂಪಿ ಕೊಡಿಸುತ್ತೇವೆ ಎಂದು ಹಣ ಕೇಳುವವರನ್ನು ನಂಬಬೇಡಿ. ಹೊಲ ಅಡವಿಟ್ಟು ಫೀ ಕಟ್ಟುವ ಮೊದಲು ಈಗಾಗಲೇ ಕೆಲಸದಲ್ಲಿರುವ ಊರಿನವರನ್ನು ಕೇಳಿ.

ಈ ಸಲ ಗುಳೆ ಹೊರಡುವ ಪ್ರತಿ ಗುಂಪೂ ಒಂದು ಹಾಳೆ ಬರೆಸಿಕೊಂಡು ಹೋಗಬೇಕೆಂದು ಕಮಿಟಿಯ ಹಿರಿಯರೊಂದಿಗೆ ಮಾತಾಡಿದ್ದೇನೆ. ಯಾರು ಯಾರು, ದಿನದ ಕೂಲಿ ಎಷ್ಟು, ಮುಂಗಡ ಎಷ್ಟು, ಎಲ್ಲಿಗೆ, ಗುತ್ತಿಗೆದಾರ ಯಾರು. ಮೂರು ಪ್ರತಿ. ಒಂದು ಮೇಸ್ತ್ರಿಗೆ, ಒಂದು ಕೆಲಸಗಾರರಿಗೆ, ಒಂದು ಊರಲ್ಲಿ. ವಾರಕ್ಕೊಮ್ಮೆ ಹಾಜರಿ ಪುಸ್ತಕದ ಫೋಟೋ ಮನೆಗೆ ಕಳಿಸಬೇಕು. ಓದಲು ಬರೆಯಲು ಬಾರದವರಿಗೆ ಬರೆದುಕೊಡಲು ಡಿಪ್ಲೊಮಾ ಓದಿದ ಹುಡುಗರು ಇಶಾ ನಂತರ ಮಕ್ತಬಿನ ಕೋಣೆಯಲ್ಲಿ ಕೂರುತ್ತಾರೆ. ಗುಂಪುಗಳಲ್ಲಿ ಮಸೀದಿಗೆ ಬಾರದ ಸಹೋದರರೂ ಇರುತ್ತಾರೆ, ಅವರನ್ನೂ ಕರೆದುಕೊಂಡು ಬನ್ನಿ. ಹಾಳೆ, ಪೆನ್ನು ನಾವು ಇಟ್ಟಿರುತ್ತೇವೆ.