ಅಳತೆಯ ಹಗ್ಗದ ಇನ್ನೊಂದು ತುದಿ

(ಔಷಧೀಯ ಗಾಂಜಾ ಮಳಿಗೆಗಳೂ ಅಮೆರಿಕದ ನಗರಗಳ ವಲಯ ನಿಯಮಗಳೂ: ಒಂದು ದತ್ತಿ ಉಪನ್ಯಾಸ)



ನಗರಾಡಳಿತಕ್ಕೆ ಸಂಬಂಧಿಸಿದ ಯಾವುದಾದರೊಂದು ವಿಷಯವನ್ನು ಕುರಿತು ವರ್ಷಕ್ಕೊಮ್ಮೆ ಸಾರ್ವಜನಿಕರೆದುರು ವಿಚಾರ ನಡೆಯಬೇಕೆಂಬ ಸದಾಶಯದಿಂದ ಸ್ಥಾಪಿತವಾದ ಈ ದತ್ತಿಯ ಆಶ್ರಯದಲ್ಲಿ ನಾನು ಇಂದು ಮಾತನಾಡಬೇಕೆಂದಿರುವುದು, ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ರೋಗಿಗಳಿಗೆ ಔಷಧವಾಗಿ ಗಾಂಜಾವನ್ನು ಮಾರುವ ಮಳಿಗೆಗಳು ಊರಿನ ಯಾವ ಭಾಗದಲ್ಲಿ ಇರಬಹುದು, ಯಾವ ಭಾಗದಲ್ಲಿ ಇರಕೂಡದು ಎಂಬುದನ್ನು ಗೊತ್ತುಮಾಡುವ ವಲಯ ನಿಯಮಗಳನ್ನು ಕುರಿತು. ವಿಷಯ ದೂರದ್ದೆಂದು ತೋರಬಹುದು. ಗಾಂಜಾ ಎಂಬ ಹೆಸರೇ ಸಭಾಮರ್ಯಾದೆಗೆ ಒಗ್ಗದೆಂದು ಕೆಲವರಿಗೆ ಅನಿಸಲೂಬಹುದು. ಆದರೆ ಒಂದು ಶಾಸನ ಬಲಗೈಯಿಂದ ಕೊಟ್ಟ ಹಕ್ಕನ್ನು ಇನ್ನೊಂದು ಶಾಸನ ಎಡಗೈಯಿಂದ ಹೇಗೆ ಹಿಂದಕ್ಕೆ ಪಡೆಯಬಲ್ಲುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಬೇರೆ ದೊರೆತಿಲ್ಲ.

ಇದು ಗ್ರಂಥಾಲಯದಲ್ಲಿ ಕುಳಿತಾಗ ಹೊಳೆದ ವಿಷಯವಲ್ಲ. 2014ರ ಬೇಸಗೆಯಲ್ಲಿ ನಾನು ಕ್ಯಾಲಿಫೋರ್ನಿಯದ ಒಂದು ಸಣ್ಣ ನಗರದಲ್ಲಿ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದೆ. ನೆರೆಮನೆಯಲ್ಲಿ ಒಂಟಿಯಾಗಿ ವಾಸವಾಗಿದ್ದ ವೃದ್ಧೆಯೊಬ್ಬರು ಅದೇ ಊರಿನ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿ ನಿವೃತ್ತರಾದವರು; ಅರ್ಬುದರೋಗಕ್ಕಾಗಿ ಕೀಮೋಥೆರಪಿ ಪಡೆಯುತ್ತಿದ್ದು, ಅದರ ವಾಕರಿಕೆಯಿಂದ ಅನ್ನಾಹಾರಗಳನ್ನು ಬಿಟ್ಟು ಕಡ್ಡಿಯಂತಾಗಿದ್ದ ಆಕೆಗೆ ವೈದ್ಯರು ಗಾಂಜಾದ ಅರ್ಕವನ್ನು ಶಿಫಾರಸು ಮಾಡಿದ್ದರು. ಅದನ್ನು ಮಾರುವ ಅಂಗಡಿಗೆ ಅಲ್ಲಿ ಡಿಸ್ಪೆನ್ಸರಿ ಎಂದೇ ಹೆಸರು. ಆ ಶಬ್ದ ಕೇಳಿದೊಡನೆ ನನ್ನ ಕಣ್ಣೆದುರಿಗೆ ಬಂದುದು ನಮ್ಮ ತಾಲೂಕು ಊರುಗಳಲ್ಲಿ ಬಣ್ಣದ ಔಷಧವನ್ನು ಸೀಸೆಗೆ ಹೊಯ್ದುಕೊಡುತ್ತಿದ್ದ ಹಳೆಯ ಸರ್ಕಾರಿ ಡಿಸ್ಪೆನ್ಸರಿ. ಅದು ಇರುತ್ತಿದ್ದುದು ಪೇಟೆಯ ನಡುಮಧ್ಯದಲ್ಲಿ. ಆಕೆಯ ಊರಿನಲ್ಲಾದರೋ ಅಂತಹ ಮಳಿಗೆಗೆ ಯಾವ ವಲಯದಲ್ಲಿಯೂ ಅವಕಾಶವಿಲ್ಲವೆಂದು ನಗರಸಭೆ ನಿಯಮ ಮಾಡಿತ್ತು. ಮನೆಗೆ ತಂದುಕೊಡುವುದನ್ನೂ ನಿಷೇಧಿಸಿತ್ತು.

ಮಗಳಿಗೆ ಕೆಲಸವಿದ್ದ ಒಂದು ದಿನ ನಾನೇ ಆಕೆಯ ಸಂಗಡ ಹೊರಟೆ. ಎರಡು ಬಸ್ಸು ಬದಲಾಯಿಸಿ ಪಕ್ಕದ ನಗರದ ಕೈಗಾರಿಕಾ ವಲಯದ ಅಂಚಿನಲ್ಲಿಳಿದು, ಕಾಲುದಾರಿಯಿಲ್ಲದ ರಸ್ತೆಯಲ್ಲಿ, ಹಳೆಯ ಟೈರುಗಳ ಉಗ್ರಾಣಕ್ಕೂ ಸಿಮೆಂಟು ಕೊಳವೆಗಳ ಅಂಗಳಕ್ಕೂ ನಡುವೆ, ಆಕೆ ನಾಲ್ಕು ಕಡೆ ನಿಂತು ಸುಧಾರಿಸಿಕೊಂಡು ನಡೆದುದನ್ನು ನಾನು ಮರೆಯಲಾರೆ. ಬಾಗಿಲಲ್ಲಿ ಕಾವಲುಗಾರ ವೈದ್ಯರ ಪತ್ರವನ್ನೂ ಗುರುತಿನ ಚೀಟಿಯನ್ನೂ ನೋಡಿ ಆಕೆಯೊಬ್ಬರನ್ನೇ ಒಳಗೆ ಬಿಟ್ಟ. ನಾನು ಹೊರಕೋಣೆಯಲ್ಲಿ ಕಾದೆ. ಗಾಂಜಾವನ್ನು ನಿಷೇಧಿಸಿದ್ದ ಒಕ್ಕೂಟದ ಕಾನೂನಿಗೆ ಅಂಜಿ ಬ್ಯಾಂಕುಗಳು ಇಂತಹ ಮಳಿಗೆಗಳೊಡನೆ ವ್ಯವಹರಿಸಲು ಹಿಂಜರಿಯುತ್ತಿದ್ದುದರಿಂದ ಎಲ್ಲವೂ ರೊಕ್ಕದ ಮೇಲೆಯೇ ನಡೆಯಬೇಕಾಗಿತ್ತು; ಎಣಿಸಿ ತಂದಿದ್ದ ನೋಟುಗಳನ್ನು ಕೊಟ್ಟು, ಹೆಬ್ಬೆರಳಿನಷ್ಟು ಗಾತ್ರದ ಒಂದು ಸೀಸೆಯನ್ನು ಹಿಡಿದುಕೊಂಡು ಆಕೆ ಹೊರಬಂದರು. ಹಿಂದಿರುಗುವಾಗ ಬಸ್ಸಿನ ನಿಲ್ದಾಣವೆಂದರೆ ಕಂಬಕ್ಕೆ ತಗುಲಿಸಿದ ಒಂದು ತಗಡು, ಅಷ್ಟೆ. ನೆರಳಿಲ್ಲ, ಕೂರಲು ಕಲ್ಲಿಲ್ಲ. ಆ ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಮುಂಚೆಯೇ ಸಿದ್ಧಮಾಡಿ ತಂದಿದ್ದ ಕಾಗದದ ಚೀಲಕ್ಕೆ ವಾಂತಿ ಮಾಡಿಕೊಂಡು, ಅದರ ಬಾಯನ್ನು ಶಾಲೆಯ ಮಕ್ಕಳಿಗೆ ಪುಸ್ತಕಕ್ಕೆ ಹೊದಿಕೆ ಹಾಕುವುದನ್ನು ಕಲಿಸಿದ ಕೈಯ ಅಚ್ಚುಕಟ್ಟಿನಿಂದ ಎರಡು ಸಲ ಮಡಿಚಿ, ಆಕೆ ನನ್ನ ಕ್ಷಮೆ ಕೇಳಿದರು. ನೋವಿಗೆಂದು ಆಕೆ ನುಂಗುತ್ತಿದ್ದ ಮಾತ್ರೆ, ಅಫೀಮಿನ ಸತ್ತ್ವವಾದ ಮಾರ್ಫೀನು, ಆಕೆಯ ಬೀದಿಯ ತಿರುವಿನಲ್ಲಿದ್ದ ಔಷಧದಂಗಡಿಯಲ್ಲಿಯೇ, ಶಾಲೆಯ ಗಂಟೆ ಕೇಳಿಸುವಷ್ಟು ಹತ್ತಿರದಲ್ಲಿ ದೊರೆಯುತ್ತಿತ್ತು.

ಈ ಸಂಗತಿಯ ಹಿನ್ನೆಲೆಯನ್ನು ಸ್ವಲ್ಪ ವಿವರಿಸಬೇಕು. ಗಾಂಜಾ ಪಾಶ್ಚಾತ್ಯ ವೈದ್ಯಶಾಸ್ತ್ರಕ್ಕೆ ಪರಿಚಿತವಾದುದು ನಮ್ಮ ದೇಶದಿಂದಲೇ. ಕಲ್ಕತ್ತೆಯಲ್ಲಿದ್ದ ವೈದ್ಯ ವಿಲಿಯಂ ಬ್ರೂಕ್ ಓಶಾಘ್ನೆಸಿ 1839ರಲ್ಲಿ ಇಲ್ಲಿನ ಭಂಗಿಯ ಗುಣಗಳನ್ನು ಪರೀಕ್ಷಿಸಿ ಬರೆದ ಪ್ರಬಂಧದಿಂದ ಅದು ಯೂರೋಪು ಅಮೆರಿಕಗಳ ಔಷಧಾಲಯಗಳನ್ನು ಸೇರಿತು. ಅಮೆರಿಕದ ಅಧಿಕೃತ ಔಷಧಕೋಶದಲ್ಲಿ 1850ರ ವೇಳೆಗೆ ಸ್ಥಾನ ಪಡೆದು 1942ರಲ್ಲಿ ಅದನ್ನು ಕಳೆದುಕೊಂಡಿತು. ಬ್ರಿಟಿಷ್ ಸರ್ಕಾರ ನೇಮಿಸಿದ ಭಾರತೀಯ ಗಾಂಜಾ ಆಯೋಗ 1894ರಲ್ಲಿ ಕೊಟ್ಟ ಬೃಹತ್ ವರದಿಯಲ್ಲಿ ಪೂರ್ಣ ನಿಷೇಧ ಸಲ್ಲದೆಂದೂ, ಪರವಾನಗಿ, ತೆರಿಗೆ, ಅಂಗಡಿಗಳ ಸಂಖ್ಯೆಯ ಮಿತಿ ಇವುಗಳಿಂದ ಅದನ್ನು ಹತೋಟಿಯಲ್ಲಿಡಬೇಕೆಂದೂ ಸಲಹೆ ಮಾಡಿದುದನ್ನು ಓದಿದಾಗ, ಒಂದು ಶತಮಾನದ ಬಳಿಕ ಅಮೆರಿಕದ ಪೌರಸಭೆಗಳು ಮೊದಲಿನಿಂದ ಆರಂಭಿಸಿ ಚರ್ಚಿಸಿದ ಪ್ರಶ್ನೆಗಳು ಇವೇ ಅಲ್ಲವೆ ಎಂದು ನನಗೆ ವಿಸ್ಮಯವಾಯಿತು.

1970ರಲ್ಲಿ ಒಕ್ಕೂಟದ ಶಾಸನವು ಗಾಂಜಾವನ್ನು ವೈದ್ಯಕೀಯ ಉಪಯೋಗವೇ ಇಲ್ಲದ ಪದಾರ್ಥಗಳ ಪ್ರಥಮ ಅನುಸೂಚಿಗೆ ಸೇರಿಸಿತು. ಏಡ್ಸ್ ರೋಗವು ಸಾನ್ ಫ್ರಾನ್ಸಿಸ್ಕೊ ನಗರವನ್ನು ಕಾಡಿದ ದಿನಗಳಲ್ಲಿ, ಹಸಿವೆಯೇ ಇಲ್ಲದೆ ಸೊರಗುತ್ತಿದ್ದ ರೋಗಿಗಳಿಗೆ ಇದರಿಂದ ಊಟ ಸೇರುವುದೆಂದು ಕಂಡ ಡೆನಿಸ್ ಪೆರೋನ್ ಮೊದಲಾದವರು ಹೂಡಿದ ಚಳವಳಿ 1996ರ ನವೆಂಬರಿನಲ್ಲಿ ಫಲಿಸಿ, ಕ್ಯಾಲಿಫೋರ್ನಿಯದ ಮತದಾರರು ಶೇಕಡಾ 55ಕ್ಕೂ ಮಿಕ್ಕಿದ ಬಹುಮತದಿಂದ 215ನೆಯ ಪ್ರಸ್ತಾವವನ್ನು ಅಂಗೀಕರಿಸಿದರು. ವೈದ್ಯರ ಶಿಫಾರಸಿದ್ದವನು ಗಾಂಜಾ ಇಟ್ಟುಕೊಂಡರೂ ಬೆಳೆದುಕೊಂಡರೂ ರಾಜ್ಯದ ಕಾನೂನು ಅವನನ್ನು ಶಿಕ್ಷಿಸದು ಎಂದು ಅದು ಹೇಳಿತು. ಅಂಗಡಿಯ ಮಾತನ್ನೇ ಎತ್ತಲಿಲ್ಲ. ಬೆಳೆಯಲು ಹಿತ್ತಿಲಾಗಲಿ ತ್ರಾಣವಾಗಲಿ ಇಲ್ಲದವನು ಎಲ್ಲಿಂದ ತರಬೇಕು? ಈ ತೆರಪಿನಲ್ಲಿಯೇ ಮಳಿಗೆಗಳು ಹುಟ್ಟಿದುವು, ಅವನ್ನು ಎಲ್ಲಿಡಬೇಕೆಂಬ ವ್ಯಾಜ್ಯವೂ ಹುಟ್ಟಿತು.

ವಲಯೀಕರಣವೆಂದರೆ ಊರಿನ ನಕ್ಷೆಯ ಮೇಲೆ ಗೆರೆಯೆಳೆದು, ಇದು ವಾಸಕ್ಕೆ, ಇದು ವಾಣಿಜ್ಯಕ್ಕೆ, ಇದು ಕಾರ್ಖಾನೆಗೆ ಎಂದು ವಿಭಾಗಿಸುವ ಪದ್ಧತಿ. ಓಹಾಯೊ ರಾಜ್ಯದ ಯೂಕ್ಲಿಡ್ ಎಂಬ ಗ್ರಾಮ ಹೀಗೆ ಮಾಡಿದುದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ 1926ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆ ಅಧಿಕಾರವನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಸದರ್ಲೆಂಡರು ಅಲ್ಲಿ ಕೊಟ್ಟ ದೃಷ್ಟಾಂತದ ತಾತ್ಪರ್ಯ ಇಷ್ಟು: ಸರಿಯಾದ ವಸ್ತುವೇ ಆದರೂ ಸಲ್ಲದೆಡೆಯಲ್ಲಿ ಇದ್ದರೆ ಅದು ಉಪದ್ರವವಾಗಬಹುದು, ಹಟ್ಟಿಯಲ್ಲಿರಬೇಕಾದ ಹಂದಿ ನಡುಮನೆಗೆ ಬಂದಂತೆ. ಈ ಮಾತು ಹಂದಿಗೆ ಎಲ್ಲೋ ಒಂದು ಹಟ್ಟಿ ಉಂಟೆಂದು ಒಪ್ಪಿಕೊಂಡೇ ಹೊರಡುತ್ತದೆ ಎಂಬುದನ್ನು ಸಭಿಕರು ಗಮನಿಸಬೇಕು. ವಲಯ ನಿಯಮ ಉತ್ತರಿಸಬೇಕಾದುದು 'ಎಲ್ಲಿ' ಎಂಬ ಪ್ರಶ್ನೆಯನ್ನು. ಗಾಂಜಾದ ವಿಷಯದಲ್ಲಿ ಅದು 'ಬೇಕೆ, ಬೇಡವೆ' ಎಂಬ ಪ್ರಶ್ನೆಗೆ, ಮತದಾರರು ಒಮ್ಮೆ ಉತ್ತರಿಸಿಬಿಟ್ಟಿದ್ದ ಪ್ರಶ್ನೆಗೆ, ಮತ್ತೊಮ್ಮೆ ಉತ್ತರ ಕೊಡಹೊರಟಿತು.

ನಗರಗಳ ಪಕ್ಷದಲ್ಲಿಯೂ ಹೇಳತಕ್ಕುದು ಉಂಟು. ಅದನ್ನು ಮರೆಮಾಚುವುದು ಅನ್ಯಾಯವಾದೀತು. ಓಕ್ಲಂಡ್ ನಗರ 2004ರಲ್ಲಿಯೇ ನಾಲ್ಕು ಮಳಿಗೆಗಳಿಗೆ ಮಾತ್ರ ಪರವಾನಗಿಯೆಂದು ಕಟ್ಟುಮಾಡಿ ಒಂದು ಕ್ರಮವನ್ನು ತಂದಿತು. ಲಾಸ್ ಏಂಜಲಿಸ್ ಹಾಗೆ ಮಾಡದೆ 2007ರಲ್ಲಿ ಹೊಸ ಮಳಿಗೆಗಳಿಗೆ ತಾತ್ಕಾಲಿಕ ತಡೆಯೊಡ್ಡಿ, ಅದರೊಳಗೆ ಕಷ್ಟದಲ್ಲಿರುವವರಿಗೆ ವಿನಾಯಿತಿಯೆಂಬ ಕಿಂಡಿಯೊಂದನ್ನು ಬಿಟ್ಟಿತು; ಅರ್ಜಿ ಕೊಟ್ಟವರು ಉತ್ತರಕ್ಕೆ ಕಾಯದೆ ಬಾಗಿಲು ತೆರೆದರು; ನೂರಾರು ಮಳಿಗೆಗಳು ಎದ್ದು, ಕೆಲವು ಬೀದಿಗಳಲ್ಲಿ ಸಾಲುಸಾಲಾಗಿ ನಿಂತುವು. 2013ರ ಮೇ ತಿಂಗಳಲ್ಲಿ ಮತದಾರರೇ 'ಡಿ' ಪ್ರಸ್ತಾವವನ್ನು ಅಂಗೀಕರಿಸಿ, ತಡೆಗೆ ಮುಂಚೆ ಇದ್ದ ಸುಮಾರು 135 ಮಳಿಗೆಗಳಿಗಷ್ಟೇ ರಕ್ಷಣೆ ಕೊಡಬೇಕಾಯಿತು. ಮಗುವನ್ನು ಶಾಲೆಗೆ ಬಿಡಲು ಹೋಗುವ ತಾಯಿ ಇಂತಹ ಸಾಲನ್ನು ಕಂಡು ಅಳುಕಿದರೆ ಅದು ಅಜ್ಞಾನವಲ್ಲ.

ಅದೇ ಮೇ ತಿಂಗಳಿನಲ್ಲಿಯೇ, ಮಳಿಗೆಗಳನ್ನು ನಿಷೇಧಿಸಿದ್ದ ರಿವರ್‌ಸೈಡ್ ನಗರದ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ ತನ್ನ ತೀರ್ಪನ್ನು ಕೊಟ್ಟಿತು. ನ್ಯಾಯಮೂರ್ತಿ ಮಾರ್ವಿನ್ ಬ್ಯಾಕ್ಸ್‌ಟರರು ಬರೆದ, ಎಲ್ಲ ನ್ಯಾಯಾಧೀಶರೂ ಒಪ್ಪಿದ ಆ ತೀರ್ಪಿನ ಪ್ರಕಾರ, 1996ರ ಶಾಸನವೂ ಅದಕ್ಕೆ ಪೂರಕವಾಗಿ 2003ರಲ್ಲಿ ಬಂದ ಶಾಸನವೂ ರೋಗಿಯನ್ನು ಕೆಲವು ಶಿಕ್ಷೆಗಳಿಂದ ಪಾರುಮಾಡಿದುವೇ ಹೊರತು ಮಳಿಗೆಗೆ ಸ್ಥಳ ಕೊಡಲೇಬೇಕೆಂದು ನಗರಗಳಿಗೆ ವಿಧಿಸಲಿಲ್ಲ. ಭೂಬಳಕೆಯನ್ನು ನಿಯಂತ್ರಿಸುವ ಅಧಿಕಾರ ರಾಜ್ಯದ ಸಂವಿಧಾನದಿಂದಲೇ ಸ್ಥಳೀಯ ಸಂಸ್ಥೆಗಳಿಗೆ ಬಂದುದಾದ ಕಾರಣ ಅವು ಬಯಸಿದರೆ ಪೂರ್ಣವಾಗಿ ನಿಷೇಧಿಸಲೂಬಹುದು. ಕಾನೂನಿನ ತರ್ಕದಲ್ಲಿ ಇದರಲ್ಲಿ ದೋಷ ಹುಡುಕುವುದು ಕಷ್ಟ. ಆದರೆ ಒಂದು ನಗರಕ್ಕೆ ಸಲ್ಲುವ ಅಧಿಕಾರ ಅದರ ನೆರೆಯ ನಗರಕ್ಕೂ, ಅದರ ನೆರೆಯದಕ್ಕೂ ಸಲ್ಲುತ್ತದಷ್ಟೆ; ಪ್ರತಿಯೊಂದು ಊರೂ ಪಕ್ಕದ ಊರನ್ನು ತೋರಿಸುವ ಪ್ರದೇಶದಲ್ಲಿ ರೋಗಿಯು ಹೋಗಬೇಕಾದುದೆಲ್ಲಿಗೆ ಎಂಬುದು ಆ ನ್ಯಾಯಾಲಯದ ಮುಂದಿದ್ದ ಪ್ರಶ್ನೆಯಾಗಿರಲಿಲ್ಲ.

ಇನ್ನು ಅಳತೆಯ ವಿಚಾರ. ಶಾಲೆಯಿಂದ 600 ಅಡಿಯೊಳಗೆ ಮಳಿಗೆ ಇರಕೂಡದೆಂದು ಕ್ಯಾಲಿಫೋರ್ನಿಯ 2010ರಲ್ಲಿ ಶಾಸನ ಮಾಡಿತು. ನಮ್ಮ ಹಳೆಯ ಲೆಕ್ಕದಲ್ಲಿ ಒಂದು ಫರ್ಲಾಂಗಿಗೆ ತುಸು ಕಡಿಮೆ. ಶಾಲೆಯಿಂದ ದೂರ ಅಳೆಯುವುದು ನಮಗೂ ಹೊಸದಲ್ಲ; ವಿದ್ಯಾಸಂಸ್ಥೆಗಳಿಂದ 100 ಗಜದೊಳಗೆ ತಂಬಾಕು ಮಾರಕೂಡದೆಂದು ನಮ್ಮ 2003ರ ಕಾಯಿದೆಯೂ ಹೇಳುತ್ತದೆ. ಕ್ಯಾಲಿಫೋರ್ನಿಯದಲ್ಲಿ ಅಳೆಯಬೇಕಾದುದು ಶಾಲೆಯ ನಿವೇಶನದ ಗಡಿಯಿಂದ ಮಳಿಗೆಯ ನಿವೇಶನದ ಗಡಿಗೆ, ನೇರವಾದ ಗೆರೆಯಲ್ಲಿ; ನಡುವೆ ಕಟ್ಟಡಗಳಿದ್ದರೂ ಅವನ್ನು ಲೆಕ್ಕಕ್ಕೆ ಹಿಡಿಯತಕ್ಕುದಲ್ಲ. ಕೊಲೊರಾಡೊ ಮುಂತಾದೆಡೆಗಳಲ್ಲಿ ಈ ದೂರ 1000 ಅಡಿ. ಅಂಕಿ ಸಣ್ಣದಾಗಿ ಕಾಣುತ್ತದೆ. ಆದರೆ ಒಂದು ಬಿಂದುವಿನ ಸುತ್ತ 600 ಅಡಿಯ ವೃತ್ತ ಎಳೆದರೆ ಅದು 26 ಎಕರೆ, 1000 ಅಡಿಯದಾದರೆ 72 ಎಕರೆ. ಶಾಲೆಯೊಂದರ ಸುತ್ತ ಮಾತ್ರವಲ್ಲದೆ ಉದ್ಯಾನ, ಗ್ರಂಥಾಲಯ, ಶಿಶುವಿಹಾರ, ಪ್ರಾರ್ಥನಾಮಂದಿರ, ಇನ್ನೊಂದು ಗಾಂಜಾ ಮಳಿಗೆ ಇವೆಲ್ಲದರ ಸುತ್ತಲೂ ಇಂತಹ ವೃತ್ತಗಳನ್ನು ಎಳೆಯುತ್ತ ಹೋಗುವ ನಗರಗಳ ನಕ್ಷೆಯಲ್ಲಿ ಕಡೆಗೆ ಬಿಳಿಯಾಗಿ ಉಳಿಯುವುದು ರೈಲುಕಂಬಿಯ ಪಕ್ಕದ ಒಂದು ಪಟ್ಟಿ, ಉಗ್ರಾಣಗಳ ಒಂದು ಮೂಲೆ. ಆ ಮೂಲೆಯೂ ನಿರ್ಜನವೇನಲ್ಲ: ಡೆನ್ವರ್ ನಗರದಲ್ಲಿ ಗಾಂಜಾ ಬೆಳೆಯುವ ಉಗ್ರಾಣಗಳು ಒತ್ತಾಗಿ ಸೇರಿಕೊಂಡ ಗ್ಲೋಬ್‌ವಿಲ್, ಎಲಿರಿಯಾ-ಸ್ವಾನ್ಸಿ ಎಂಬ ಕೇರಿಗಳು ದುಡಿದು ತಿನ್ನುವ ಬಡವರ ನೆಲೆ, ಅವರೂ ಮಕ್ಕಳೊಂದಿಗರೇ, ಹಗಲೂ ರಾತ್ರಿಯೂ ಆ ವಾಸನೆಯನ್ನು ಸಹಿಸಬೇಕಾಗಿ ಬಂದ ಅವರ ದೂರು ನಕ್ಷೆಯ ಬಣ್ಣಗಳಲ್ಲಿ ಕಾಣುವಂತಹುದಲ್ಲ.

ನನ್ನ ಆಕ್ಷೇಪಣೆ ಇರುವುದು ಇಲ್ಲಿ. ಅಳತೆಯ ಹಗ್ಗಕ್ಕೆ ಎರಡು ತುದಿಗಳುಂಟು. ಒಂದನ್ನು ಶಾಲೆಯ ಬೇಲಿಗೆ ಕಟ್ಟಿದವರು ಇನ್ನೊಂದನ್ನು ರೋಗಿಯ ಹೊಸ್ತಿಲಿಗೆ ಕಟ್ಟಿ ನೋಡಬೇಕಾಗಿತ್ತು. ಹಾಗೆ ನೋಡಿದ ಶಾಸನ ಇಲ್ಲವೆಂದಲ್ಲ. ಆರಿಜೋನದ ಮತದಾರರು 2010ರಲ್ಲಿ ಅಂಗೀಕರಿಸಿದ ಶಾಸನದಲ್ಲಿ ನಗರಗಳಿಗೆ ಯುಕ್ತವಾದ ವಲಯ ನಿಯಮಗಳನ್ನು ಮಾಡುವ ಅಧಿಕಾರ ಕೊಟ್ಟು, ಶಾಲೆಯಿಂದ 500 ಅಡಿ ದೂರವಿರಬೇಕೆಂದು ವಿಧಿಸಿ, ಅದರೊಡನೆಯೇ, ಯಾವ ರೋಗಿಗೆ ಅತ್ಯಂತ ಸಮೀಪದ ಮಳಿಗೆಯೂ 25 ಮೈಲಿಗಿಂತ ದೂರವಿದೆಯೊ ಆತನು ಮನೆಯಲ್ಲಿಯೇ 12 ಗಿಡಗಳವರೆಗೆ ಬೆಳೆದುಕೊಳ್ಳಬಹುದೆಂದು ಹೇಳಿದರು. 25 ಮೈಲಿ ದೀರ್ಘವಾದ ದೂರವೇ ಸರಿ. ಆದರೂ ರೋಗಿಯ ಮನೆಯಿಂದ ಅಳೆಯತಕ್ಕುದೆಂಬ ತತ್ತ್ವ ಅಲ್ಲಿದೆ. ಫ್ಲಾರಿಡಾದ 2017ರ ಶಾಸನದ್ದು ಬೇರೊಂದು ಮಾರ್ಗ: ನಗರವು ಬೇಡವೆಂದರೆ ಪೂರ್ಣವಾಗಿ ನಿಷೇಧಿಸಲಿ, ಬಿಡುವುದಾದರೆ ಔಷಧದಂಗಡಿಗೆ ವಿಧಿಸುವುದಕ್ಕಿಂತ ಕಠಿನವಾದ ಸ್ಥಳನಿಯಮವನ್ನು ವಿಧಿಸಕೂಡದು. ಇದರ ಉತ್ತರಾರ್ಧ ನನಗೆ ಬಹಳ ಒಪ್ಪಿಗೆ. ಪೂರ್ವಾರ್ಧವಾದರೋ ಬೀದಿಯಲ್ಲಿ ಮತ್ತೊಂದು ಔಷಧದಂಗಡಿಯನ್ನು ಬಿಡಲೊಲ್ಲದ ಊರನ್ನು ಪೂರ್ಣ ನಿಷೇಧದ ಕಡೆಗೇ ನೂಕುವಂತಹುದು. ಓಕ್ಲಹೋಮದ ಜನ 2018ರಲ್ಲಿ ಇದಕ್ಕೆ ತೀರ ವಿರುದ್ಧವಾಗಿ, ಮಳಿಗೆ ತೆರೆಯದಂತೆ ತಡೆಯುವುದಕ್ಕಾಗಿ ಯಾವ ನಗರವೂ ವಲಯ ನಿಯಮಗಳನ್ನು ಅನುಚಿತವಾಗಿ ಬದಲಾಯಿಸಕೂಡದೆಂದು ಶಾಸನದಲ್ಲಿಯೇ ಬರೆದರು.

ಮಿಶಿಗನ್ ರಾಜ್ಯದ ನ್ಯಾಯಾಲಯ ಹಿಡಿದ ಹಾದಿ ಇವೆಲ್ಲಕ್ಕಿಂತ ಸಮಂಜಸವೆಂದು ನನ್ನ ಅಭಿಪ್ರಾಯ. ಅಲ್ಲಿನ ವಯೋಮಿಂಗ್ ಎಂಬ ಪಟ್ಟಣ ಒಕ್ಕೂಟದ ಕಾನೂನಿಗೆ ವಿರುದ್ಧವಾದ ಯಾವ ಭೂಬಳಕೆಗೂ ಅವಕಾಶವಿಲ್ಲವೆಂಬ ವಲಯ ನಿಯಮದಿಂದ ರೋಗಿಗಳ ಗಾಂಜಾವನ್ನು ಹೊರಗಿಟ್ಟುದನ್ನು ಅದು 2014ರಲ್ಲಿ ರದ್ದುಮಾಡಿತು; ರಾಜ್ಯ ಕೊಟ್ಟುದನ್ನು ಪಟ್ಟಣ ಕಿತ್ತುಕೊಳ್ಳಲಾಗದು ಎಂದಿತು. ಆರು ವರ್ಷಗಳ ಬಳಿಕ ಬೈರನ್ ಟೌನ್‌ಶಿಪ್ಪಿನ ಮೊಕದ್ದಮೆಯಲ್ಲಿ, ರೋಗಿಗಳಿಗಾಗಿ ಬೆಳೆಯುವವರು ಎಲ್ಲಿ ಬೆಳೆಯಬೇಕೆಂಬುದನ್ನು ಮಾತ್ರ ಸ್ಥಳೀಯ ಸಂಸ್ಥೆ ಗೊತ್ತುಮಾಡಬಹುದೆಂದೂ, ಬೆಳೆಯುವುದನ್ನೇ ಅಳಿಸಿಹಾಕದಿರುವವರೆಗೆ ಆ ನಿಯಮ ಊರ್ಜಿತವೆಂದೂ ಅದೇ ನ್ಯಾಯಾಲಯ ತೀರ್ಮಾನಿಸಿತು. ಯೂಕ್ಲಿಡ್ ಗ್ರಾಮದ ಹಟ್ಟಿ ಇಲ್ಲಿ ಮರಳಿ ದೊರಕಿತು.

ನಾನು ಇದ್ದ ಆ ಸಣ್ಣ ನಗರದಲ್ಲಿ ನಿಷೇಧವನ್ನು ಮುಂದುವರಿಸಬೇಕೆ ಎಂಬ ಬಗೆಗೆ ಒಂದು ಸಂಜೆ ಸಾರ್ವಜನಿಕ ವಿಚಾರಣೆ ನಡೆಯಿತು. ಮಾತನಾಡುವ ಪ್ರತಿಯೊಬ್ಬರಿಗೂ ಮೂರು ನಿಮಿಷ. ಮುಗಿಯುತ್ತ ಬಂದಾಗ ಹಳದಿ ದೀಪ, ಮುಗಿದಾಗ ಕೆಂಪು ದೀಪ. ತಾಯಂದಿರು ಬಂದು ಮಾತನಾಡಿದರು. ಅವರ ಆತಂಕ ಪ್ರಾಮಾಣಿಕವಾಗಿತ್ತು. ನಮ್ಮ ನೆರೆಮನೆಯ ಶಿಕ್ಷಕಿ ತಲೆಗೆ ಬಿಗಿದ ವಸ್ತ್ರವನ್ನು ಸರಿಪಡಿಸಿಕೊಂಡು ನಿಂತು ಹೇಳಿದ ಮಾತನ್ನು ನಾನು ಅಂದೇ ದಿನಚರಿಯಲ್ಲಿ ಬರೆದಿಟ್ಟುಕೊಂಡೆ: "ನೀವು ಕಾಪಾಡಬೇಕೆಂದಿರುವ ಶಾಲೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ಇದ್ದೆ. ಅದರ ಬೇಲಿಯ ಪಕ್ಕದಲ್ಲಿ ಈ ಅಂಗಡಿ ನನಗೂ ಬೇಡ. ನಾನು ಒಂದೇ ಬಸ್ಸಿನಲ್ಲಿ ಹೋಗಿ ಬರಬಹುದಾದ ಒಂದು ಜಾಗ ತೋರಿಸಿ, ಸಾಕು." ಹಳದಿ ದೀಪ ಹತ್ತುವ ಮೊದಲೇ ಆಕೆ ಕುಳಿತುಬಿಟ್ಟರು. ಐವರು ಸದಸ್ಯರಲ್ಲಿ ನಾಲ್ವರು ನಿಷೇಧದ ಪರವಾಗಿ ಕೈಯೆತ್ತಿದರು. ಮರುವರ್ಷದ ಚಳಿಗಾಲದಲ್ಲಿ ಆಕೆ ತೀರಿಕೊಂಡರೆಂದು ಮಗಳು ಬರೆದಳು.

ಯಾವ ನಗರವೂ ರೋಗಿಯ ಮನೆಬಾಗಿಲಿಗೆ ಔಷಧೀಯ ಗಾಂಜಾ ತಲಪಿಸುವುದನ್ನು ನಿಷೇಧಿಸಕೂಡದೆಂಬ ಶಾಸನವನ್ನು ಕ್ಯಾಲಿಫೋರ್ನಿಯ 2022ರಲ್ಲಿ ಮಾಡಿತು. 2024ರ ಜನವರಿ 1ರಂದು ಅದು ಜಾರಿಗೆ ಬಂದಿತು. ಆ ವರ್ಷ ನಾನು ಮತ್ತೆ ಮಗಳ ಮನೆಗೆ ಹೋಗಿದ್ದೆ. ಒಂದು ಮಧ್ಯಾಹ್ನ ಜಗುಲಿಯಲ್ಲಿ ಕುಳಿತಿದ್ದಾಗ ಬೀದಿಯಲ್ಲಿ ಒಂದು ಪುಟ್ಟ ಕಾರು ಬಂದು ನಿಂತಿತು. ಹುಡುಗನೊಬ್ಬ ಇಳಿದು ಎದುರು ಸಾಲಿನ ಮನೆಯ ಗಂಟೆ ಒತ್ತಿ, ಊರುಗೋಲು ಹಿಡಿದು ಬಾಗಿಲಿಗೆ ಬಂದ ಮುದುಕರ ಗುರುತಿನ ಚೀಟಿಯನ್ನು ನೋಡಿ, ಒಂದು ಕಾಗದದ ಚೀಲವನ್ನು ಅವರ ಕೈಗಿತ್ತು, ಅವರು ರುಜು ಹಾಕುವವರೆಗೆ ಊರುಗೋಲನ್ನು ತಾನು ಹಿಡಿದುಕೊಂಡು ನಿಂತಿದ್ದ.