ಕಳಿಸಿದ್ದೇನೆ, ಕಳಿಸಿದ್ದೆ, ಕಳಿಸುತ್ತಿದ್ದೆ
(ಕುರ್ಲಾದ ನಮ್ಮ ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ವ್ಯಾಕರಣವೆಂದೊಡನೆ ಕೆಲವರು ಬಾಗಿಲ ಕಡೆ ನೋಡುತ್ತಿದ್ದೀರಿ. ಸ್ವಲ್ಪ ತಾಳಿ.

ಭೂತಕಾಲ ಒಂದೇ ಎಂದು ಶಾಲೆಯಲ್ಲಿ ಕಲಿತೆವು. ಕಾಗದ ಬರೆಯಲು ಕುಳಿತಾಗ ಅದು ಮೂರು ನಾಲ್ಕಾಗುತ್ತದೆ. ಅಕ್ಷರ ಬಾರದವರಿಗೆ ನಾವು ಇಲ್ಲಿ ಕಾಗದ ಬರೆದುಕೊಡುತ್ತಿದ್ದ ಕಾಲದಲ್ಲಿ ಒಮ್ಮೆ ಎಡವಿದೆವು. ಅಂದೇ ಮನಿಯಾರ್ಡರ್ ಮಾಡಿ ಬಂದವನ ತಾಯಿಗೆ 'ಹಣ ಕಳಿಸಿದ್ದೇನೆ' ಎಂದು ಬರೆಯುವ ಬದಲು 'ಕಳಿಸಿದ್ದೆ' ಎಂದು ಬರೆದೆವು. ಮೊದಲನೆಯದಕ್ಕೆ ಹಣ ದಾರಿಯಲ್ಲಿದೆ ಎಂದರ್ಥ. ಎರಡನೆಯದಕ್ಕೆ, ಹಿಂದೆಯೇ ಕಳಿಸಿಯಾಗಿದೆ, ಇನ್ನೂ ಮುಟ್ಟಲಿಲ್ಲವೆ ಎಂದು. ಕಾಗದ ಹಣಕ್ಕಿಂತ ಮೊದಲು ತಲುಪಿತು. ತಾಯಿ ಟಪಾಲಿನವನನ್ನು ನಿಲ್ಲಿಸಿ ಕೇಳಿದರಂತೆ. ನಾಲ್ಕು ದಿನದಲ್ಲಿ ಹಣವೇನೋ ಬಂತು. ಆದರೆ ಆತ ಮತ್ತೆಂದೂ ಆ ಮನೆಯ ಜಗಲಿ ಹತ್ತಲಿಲ್ಲ, ಬೇಲಿಯ ಹತ್ತಿರವೇ ಕಾಗದ ಕೊಟ್ಟು ಹೋಗುತ್ತಿದ್ದನಂತೆ. ತಪ್ಪು ನಮ್ಮದು.

ಸ್ಪೇನಿನ ಭಾಷೆ ಕಲಿಯುವವರಿಗೂ ಇಂಥದೇ ತೊಡಕು. ಮಾತಾಡಿ ಮುಗಿಸಿದ್ದಕ್ಕೆ ಅಲ್ಲಿ 'ಆಬ್ಲೇ', ಮಾತಾಡುತ್ತಿದ್ದೆ ಎನ್ನಲು 'ಆಬ್ಲಾಬಾ'. ಎಷ್ಟು ಹಿಂದಿನದೆಂಬುದು ಅಲ್ಲಿ ಲೆಕ್ಕವಲ್ಲ. ಕೆಲಸವನ್ನು ಮುಗಿದದ್ದಾಗಿ ಹೇಳುತ್ತೇವೆಯೋ, ನಡೆಯುತ್ತಿದ್ದಂತೆ ತೋರಿಸುತ್ತೇವೆಯೋ ಎಂಬುದೇ ಲೆಕ್ಕ. ನಮ್ಮ ಚಾಳಿನ ಮರಾಠಿಯಲ್ಲಿ 'ಬೋಲಲೋ', 'ಬೋಲತ ಹೋತೋ' ಕೇಳಿಯೇ ಇದ್ದೀರಿ.

ಇನ್ನು ಮೂರನೆಯದು. 1982ರ ಜನವರಿಯಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಯಿತು. ಕೆಲಸ ಕಳೆದುಕೊಂಡವರು ಸಾವಿರಾರು. ಅವರಲ್ಲೊಬ್ಬರು ಸಂಗತಿಯನ್ನು ತಂದೆಗೆ ತಿಳಿಸಬಾರದೆಂದು ನಮ್ಮಿಂದ ಹೀಗೆ ಬರೆಸಿದರು: 'ತಿಂಗಳು ತಿಂಗಳು ತಪ್ಪದೆ ಕಳಿಸುತ್ತಿದ್ದೆ, ಈ ಸಲ ಸ್ವಲ್ಪ ತಡ.'

ತಂದೆಯ ಉತ್ತರ ಒಂದೇ ಸಾಲು: 'ಊರಿಗೆ ಬಾ.'